ಗ್ರಾನೈಟ್ ಧೂಳಿಗೆ ಎನ್-95 ಸಾಕಾ, ರಬ್ಬರ್ ಹಾಫ್ ಮಾಸ್ಕ್ ಬೇಕಾ?

ಇಳಕಲ್ಲಿನ ಕೆಂಪು ಗ್ರಾನೈಟನ್ನು ಒಣದಾಗಿ ಕೊಯ್ದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ವಾಸಿಯಾಗುವಂಥದ್ದಲ್ಲ. ಹಾಗಾಗಿ ಮೊದಲು ಬ್ಲೇಡಿಗೆ ನೀರು ಬಿಡಿ, ಆಮೇಲೆ ಮಾಸ್ಕ್. ಕರ್ಚೀಫ್ ಲೆಕ್ಕಕ್ಕೇ ಇಲ್ಲ.

ರಕ್ಷಣೆಯಲ್ಲಿ ದುಬಾರಿಯದೇ ಮೇಲು ಅಂದುಕೊಳ್ಳುತ್ತೇವೆ, ಅಲ್ವಾ? ಎನ್-95ಕ್ಕೂ, ಫಿಲ್ಟರ್ ಬದಲಿಸಬಹುದಾದ ರಬ್ಬರ್ ಹಾಫ್ ಮಾಸ್ಕಿಗೂ (ಮೂಗು-ಬಾಯಿ ಮಾತ್ರ ಮುಚ್ಚುವಂಥದ್ದು) ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ಓಶಾ ಕೊಟ್ಟಿರುವ ರಕ್ಷಣೆಯ ಅಂಕ ಒಂದೇ: 10. ಅಂದರೆ ಸರಿಯಾಗಿ ಕೂತರೆ ಒಳಗೆ ಬರುವ ಧೂಳು ಹೊರಗಿನದರ ಹತ್ತನೇ ಒಂದು ಪಾಲು. ಆ 'ಸರಿಯಾಗಿ ಕೂತರೆ' ಅನ್ನುವುದೇ ಕಷ್ಟದ ಮಾತು. ಎನ್-95ರ ಎರಡು ಪಟ್ಟಿಯೂ ತಲೆಯ ಹಿಂದೆ ಹೋಗಬೇಕು, ಮೂಗಿನ ತಂತಿಯನ್ನು ಎರಡೂ ಕೈಬೆರಳಿಂದ ಒತ್ತಬೇಕು. ಹಾಫ್ ಮಾಸ್ಕ್‌ನಲ್ಲಿ ಪರೀಕ್ಷೆ ಸುಲಭ: ಫಿಲ್ಟರನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಮಾಸ್ಕ್ ಮುಖಕ್ಕೆ ಅಂಟಬೇಕು. ಗಡ್ಡ ಇದ್ದರೆ ಎರಡೂ ಸುಮ್ನೆ.

ಖರ್ಚು? ಅಪರೂಪಕ್ಕೆ ಕಟಿಂಗ್ ಮಾಡುವವರಿಗೆ, ಸೈಟ್ ನೋಡಲು ಬರುವವರಿಗೆ ಎನ್-95 ಸಾಕು. ದಿನವಿಡೀ ಪಾಲಿಶಿಂಗ್‌ನಲ್ಲಿರುವವರಿಗೆ ಹಾಫ್ ಮಾಸ್ಕೇ ಲಾಭ. ಫಿಲ್ಟರ್ ಮಾತ್ರ ಬದಲಿಸಿದರಾಯಿತು, ರಬ್ಬರನ್ನು ತೊಳೆಯಬಹುದು. ನೀರು ಸಿಡಿಯುವ ಕಡೆ ಎನ್-95 ಒದ್ದೆಯಾಗಿ ಉಸಿರಾಟ ಕಷ್ಟವಾಗುತ್ತದೆ, ಆಗ ಎಸೆಯಲೇಬೇಕು.

ಸೆಖೆಗೆ ಮಾತ್ರ ರಬ್ಬರ್ ಹಿಂಸೆ. ಮಾತೂ ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ಜಾಸ್ತಿ ಹೊತ್ತು ಹಾಕಿಕೊಳ್ಳುವುದು ಯಾವುದನ್ನು ಅಂತ ಕೆಲಸಗಾರರನ್ನೇ ಕೇಳಿ, ಆಮೇಲೆ ಕೊಳ್ಳಿ.

ಕಲ್ಲಿಗೆ ಸಾಲ್ವೆಂಟ್ ಸೀಲರ್ (ಆವಿಯಾಗುವ ದ್ರಾವಕವಿರುವ ಲೇಪ) ಹೊಡೆಯುವ ಕೆಲಸವೂ ಇದ್ದರೆ ಎನ್-95 ಬೇಡ. ಅದು ಆವಿಯನ್ನು ತಡೆಯುವುದಿಲ್ಲ. ಹಾಫ್ ಮಾಸ್ಕಿಗೆ ಇಂಥ ಆವಿಯನ್ನು ಹಿಡಿಯುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಹಾಕಬೇಕು.