14,500ರ ಕೋಚಿಂಗ್ ಆ್ಯಪ್, ಎಂಐಟಿ ಕೋರ್ಸ್, ಎನ್‌ಪಿಟಿಇಎಲ್: ಮೂರೂ ಮಾಡಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಎನ್‌ಪಿಟಿಇಎಲ್‌ಗೆ, ಅಂದ್ರೆ ಐಐಟಿ, ಐಐಎಸ್ಸಿಯೋರು ನಡೆಸೋ ಫ್ರೀ ಆನ್‌ಲೈನ್ ಕೋರ್ಸ್‌ಗಳಿಗೆ. ತುಮಕೂರಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಓದ್ತಿದೀನಿ, ಗುಬ್ಬಿಯಿಂದ ದಿನಾ ರೈಲಲ್ಲಿ ಓಡಾಟ. ಹೋದ ವಾರ ಜೂನಿಯರ್ ಒಬ್ಬಳು ಬಂದು ಅಕ್ಕಾ, ಮಾಲಿಕ್ಯುಲರ್ ಬಯಾಲಜಿ ಗಟ್ಟಿ ಮಾಡ್ಕೋಬೇಕು, ಯಾವ್ದಕ್ಕೆ ಸೇರ್ಕೊಳ್ಲಿ ಅಂತ ಕೇಳಿದ್ಳು, ನೋಡಿದ್ರೆ ನಾನು ದುಡ್ಡು ಕಳ್ಕೊಂಡಂಥದ್ದೇ ಒಂದು ಆ್ಯಪ್‌ಗೆ ಫೀಸ್ ಕಟ್ಟೋಕೆ ಅವಳಾಗ್ಲೇ ರೆಡಿ ಆಗಿದ್ಳು. ಅದಕ್ಕೇ ಇದನ್ನ ಬರೀತಿದೀನಿ.

ಆ್ಯಪ್ ಕಥೆಯಿಂದನೇ ಶುರು ಮಾಡ್ತೀನಿ. ಸಿಎಸ್ಐಆರ್ ನೆಟ್ (ರಿಸರ್ಚ್ ಫೆಲೋಶಿಪ್‌ಗೂ ಲೆಕ್ಚರರ್ ಆಗೋಕೂ ಬರೆಯೋ ಪರೀಕ್ಷೆ) ಲೈಫ್ ಸೈನ್ಸಸ್‌ಗೆ ರೆಕಾರ್ಡೆಡ್ ಕೋರ್ಸ್, 14,500 ರೂಪಾಯಿ, ಒಂದು ವರ್ಷ ವ್ಯಾಲಿಡಿಟಿ. ಅಪ್ಪ ತಿಪಟೂರು ಎಪಿಎಂಸಿಗೆ ಕೊಬ್ಬರಿ ಹಾಕಿ ಬಂದ ದಿನಾನೇ ಆ ದುಡ್ಡು ಕೊಟ್ರು. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯಿ ಅದು, ಕಟ್ಟೋವಾಗ್ಲೇ ನನ್ ಕೈ ಸ್ವಲ್ಪ ನಡುಗ್ತು. ಪಾಠ ಕೆಟ್ಟದಾಗಿತ್ತು ಅಂತ ಹೇಳಲ್ಲ. ತೊಂದ್ರೆ ಇದ್ದಿದ್ದು ಒಂದೇ ಕಡೆ: ಒಂದೊಂದು ವಿಡಿಯೋಗೆ ಮೂರೇ ವ್ಯೂ.

ಮೂರು ಸಲ ಸಾಕಲ್ವಾ ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಅಲ್ಲಿ ವ್ಯೂ ಅಂದ್ರೆ ಪೂರ್ತಿ ನೋಡೋದಲ್ಲ, ಓಪನ್ ಮಾಡೋದು. ಬೆಳಗ್ಗೆ ರೈಲಲ್ಲಿ ಕೂತು ಪ್ಲೇ ಒತ್ತಿದ್ರೆ ಮಲ್ಲಸಂದ್ರ ಬರೋಷ್ಟರಲ್ಲಿ ನೆಟ್‌ವರ್ಕ್ ಹೋಗತ್ತೆ, ವೃತ್ತ ಸುತ್ತುತ್ತಾ ನಿಲ್ಲತ್ತೆ, ಆ್ಯಪ್ ತಾನಾಗೇ ಕ್ಲೋಸ್ ಆಗತ್ತೆ, ಮತ್ತೆ ತೆಗೆದ್ರೆ ಮೂಲೇಲಿ ಚಿಕ್ಕದಾಗಿ ಕೆಂಪಕ್ಷರದಲ್ಲಿ 2/3. ಎರಡು ಗಂಟೆ ಪಾಠದಲ್ಲಿ ನಾನು ನೋಡಿರೋದು ಇಪ್ಪತ್ತು ನಿಮಿಷ. ಸಂಜೆ ಮನೇಲಿ ಕರೆಂಟ್ ಹೋಗಿ ವೈಫೈ ಆಫ್ ಆದ್ರೆ 3/3.

ಡಿಎನ್ಎ ರೆಪ್ಲಿಕೇಶನ್, ಅಂದ್ರೆ ಡಿಎನ್ಎ ಕಾಪಿ ಆಗೋ ಪಾಠದಲ್ಲಿ ಇದು ನನಗೆ ಸರಿಯಾಗೇ ಹೊಡೀತು. ಇ. ಕೋಲೈ ಬ್ಯಾಕ್ಟೀರಿಯಾದ ಜೀನೋಮ್ (ಪೂರ್ತಿ ಡಿಎನ್ಎ) ಸುಮಾರು 46 ಲಕ್ಷ ಬೇಸ್ ಪೇರ್, ಅಂದ್ರೆ ಅಷ್ಟು ಜೋಡಿ ಅಕ್ಷರ, ಎರಡು ಫೋರ್ಕ್ (ಕಾಪಿ ನಡೀತಿರೋ ಕವಲು) ಎರಡು ದಿಕ್ಕಿಗೆ ಸೆಕೆಂಡಿಗೆ ಹತ್ರ ಹತ್ರ 1000 ಬೇಸ್ ಕಾಪಿ ಮಾಡ್ಕೊಂಡು ಹೋಗ್ತವೆ, ಲೆಕ್ಕ ಹಾಕಿದ್ರೆ 38-40 ನಿಮಿಷ ಬೇಕು. ಆದ್ರೆ ಒಳ್ಳೆ ಮೀಡಿಯಾದಲ್ಲಿ (ಬ್ಯಾಕ್ಟೀರಿಯಾ ಬೆಳೆಸೋ ಆಹಾರದಲ್ಲಿ) ಅದೇ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗತ್ತೆ. ಕಾಪಿ ಮುಗಿಯೋಕೆ ಮುಂಚೆ ಭಾಗ ಹೇಗಾಯ್ತು? ಸರ್ ಅದನ್ನ ಹೇಳೋಕೆ ಶುರು ಮಾಡಿದ್ರು, ಸ್ಕ್ರೀನ್ ಕಪ್ಪಾಯ್ತು, ಲಿಮಿಟ್ ಮುಗಿದಿದೆ ಅಂತ ಬಂತು. ಡೌಟ್ ಗ್ರೂಪಲ್ಲಿ ಕೇಳಿದ್ರೆ ನೋಟ್ಸ್ ನೋಡಿ ಅಂದ್ರು, ನೋಟ್ಸಲ್ಲಿ ಎರಡೇ ಸಾಲು. ವ್ಯೂ ರೀಸೆಟ್ ಮಾಡಿ ಅಂತ ಮೇಲ್ ಹಾಕ್ದೆ, ನಾಲ್ಕು ದಿನ ಆದ್ಮೇಲೆ ಎಕ್ಸ್‌ಟ್ರಾ ವ್ಯೂಗೆ ಬೇರೆ ದುಡ್ಡು ಕಟ್ಟಬೇಕು ಅಂತ ಉತ್ತರ. ಆಮೇಲೆ ಫೋನ್ ಡಿಸ್‌ಪ್ಲೇ ಒಡೀತು, ತಮ್ಮನ ಫೋನಲ್ಲಿ ಲಾಗಿನ್ ಆಗೋಕೆ ಹೋದ್ರೆ ಡಿವೈಸ್ ಲಾಕ್. ಆವತ್ತು ನಿಜವಾಗ್ಲೂ ಅಳು ಬಂತು. ಎಂಎಸ್ಸಿ ಮಟ್ಟದ ವಿಷಯ ಒಂದೇ ಸಲಕ್ಕೆ ಯಾರಿಗೆ ತಲೆಗೆ ಹೋಗತ್ತೆ, ಹಿಂದಕ್ಕೆ ಹೋಗಿ ಹೋಗಿ ನೋಡೋದೇ ಅಲ್ವಾ ಓದು ಅಂದ್ರೆ?

ಅವರ ಮಾಕ್ ಟೆಸ್ಟ್ ಮಾತ್ರ ಚೆನ್ನಾಗಿತ್ತು, ಅದನ್ನ ಒಪ್ಕೋಬೇಕು.

ಎರಡನೇದು ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ಸೈಟಲ್ಲಿರೋ, ಅಮೆರಿಕದ ಎಂಐಟಿಯ 7.28ಎಕ್ಸ್, ಮಾಲಿಕ್ಯುಲರ್ ಬಯಾಲಜಿ, ಮೂರು ಭಾಗ. ಪಾಠ ಮಾಡೋರು ಸ್ಟೀಫನ್ ಬೆಲ್, ತಾನ್ಯಾ ಬೇಕರ್. ಈ ಬೆಲ್ ಯಾರು ಅಂದ್ರೆ, ಯೀಸ್ಟಲ್ಲಿ ರೆಪ್ಲಿಕೇಶನ್ ಶುರುವಾಗೋ ಜಾಗಕ್ಕೆ ಕೂರೋ ಓಆರ್‌ಸಿ ಪ್ರೋಟೀನ್ ಗುಂಪನ್ನ 1992ರಲ್ಲಿ ಬ್ರೂಸ್ ಸ್ಟಿಲ್‌ಮನ್ ಜೊತೆ ಕಂಡುಹಿಡಿದೋರೇ. ಅಂಥೋರ ಬಾಯಲ್ಲೇ ರೆಪ್ಲಿಕೇಶನ್ ಕೇಳೋದು ಬೇರೇನೇ ಅನುಭವ. ಇಲ್ಲಿ ಉತ್ತರ ಹೇಳ್ಕೊಡಲ್ಲ, ಜೆಲ್ ಚಿತ್ರ (ಡಿಎನ್ಎ ತುಂಡುಗಳನ್ನ ಉದ್ದದ ಪ್ರಕಾರ ಪಟ್ಟಿ ಪಟ್ಟಿಯಾಗಿ ಬೇರ್ಪಡಿಸಿರೋದು) ಮುಂದೆ ಇಟ್ಟು ಈ ಲೇನಲ್ಲಿ ಬ್ಯಾಂಡ್ ಯಾಕಿಲ್ಲ ಹೇಳು ಅಂತಾರೆ. ಒಂದು ಚಿತ್ರದ ಮುಂದೆ ನಾನು ಲೈಬ್ರರೀಲಿ ಒಂದೂವರೆ ಗಂಟೆ ಕೂತಿದ್ದೆ. ನೆಟ್ ಪರೀಕ್ಷೆಯ ಪಾರ್ಟ್ ಸಿಯಲ್ಲಿ 25 ಪ್ರಶ್ನೆಗೆ ಉತ್ತರಿಸಬೇಕು, ಒಂದೊಂದಕ್ಕೆ 4 ಮಾರ್ಕ್ಸ್, ಅಂದ್ರೆ 200ರಲ್ಲಿ 100 ಅಲ್ಲೇ ಇದೆ, ಅಲ್ಲಿ ಬೇಕಾಗೋದು ಇದೇ ಥರ ಯೋಚನೆ. ಆದ್ರೆ ಫ್ರೀಯಾಗಿ ಆಡಿಟ್ ಮಾಡಿದ್ರೆ (ಸರ್ಟಿಫಿಕೇಟ್ ಇಲ್ದೆ ಬರೀ ಪಾಠ ನೋಡಿದ್ರೆ) ಗ್ರೇಡೆಡ್ ಟೆಸ್ಟ್ ಲಾಕ್, ಕೆಲವೇ ವಾರ ಆದ್ಮೇಲೆ ಕೋರ್ಸೂ ಕ್ಲೋಸ್, ಸರ್ಟಿಫಿಕೇಟ್ ಡಾಲರ್ ಲೆಕ್ಕದಲ್ಲಿ. ಕೈಲಿ ದುಡ್ಡಿದ್ರೆ ಖಂಡಿತ ಮಾಡಿ, ನನ್ನ ಕೈಲಿ ಆಗ ಇರ್ಲಿಲ್ಲ.

ಈಗ ಎನ್‌ಪಿಟಿಇಎಲ್. ಐಐಟಿ, ಐಐಎಸ್ಸಿ ಮೇಷ್ಟ್ರುಗಳ ಪಾಠ, ಪೂರ್ತಿ ಫ್ರೀ, ಪರೀಕ್ಷೆ ಬರೀಬೇಕು ಅಂದ್ರೆ ಮಾತ್ರ ನಾನು ಕಟ್ಟಿದ್ದು 1000 ರೂಪಾಯಿ. ವಿಡಿಯೋಗಳು ಸುಮಾರು ಅರ್ಧರ್ಧ ಗಂಟೆ, ಯೂಟ್ಯೂಬಲ್ಲೇ ಇರೋದ್ರಿಂದ ಕಾಲೇಜ್ ವೈಫೈಯಲ್ಲಿ ಡೌನ್‌ಲೋಡ್ ಮಾಡ್ಕೊಂಡು ರೈಲಲ್ಲಿ ನೋಡ್ತಿದ್ದೆ, ಮಲ್ಲಸಂದ್ರ ಬಂದ್ರೂ ನಿಲ್ತಿರ್ಲಿಲ್ಲ. ಆ ಇ. ಕೋಲೈ ಡೌಟು ಬಗೆಹರಿದಿದ್ದೂ ಇಲ್ಲೇ. ಮೇಡಂ ಒಂದು ದುಂಡಗಿನ ಕ್ರೋಮೋಸೋಮ್ ಬರೆದು, ಅದರ ಓರಿಜಿನ್‌ನಲ್ಲಿ (ಕಾಪಿ ಶುರುವಾಗೋ ಜಾಗದಲ್ಲಿ) ಒಂದು ಗುಳ್ಳೆ, ಆ ಗುಳ್ಳೆಯೊಳಗಿನ ಎರಡೂ ಎಳೆ ಮೇಲೆ ಮತ್ತೊಂದೊಂದು ಗುಳ್ಳೆ ಬರೆದ್ರು. ಮೊದಲನೇ ಸುತ್ತು ಮುಗಿಯೋಕೆ ಮುಂಚೆನೇ ಎರಡನೇ ಸುತ್ತು ಶುರು ಆಗಿರತ್ತೆ, ಹಾಗಾಗಿ ಈಗ ಹುಟ್ಟೋ ಸೆಲ್ ಒಳಗೆ ಅದರ ಮಕ್ಕಳಿಗೆ ಬೇಕಾದ ಕಾಪಿ ಆಗ್ಲೇ ಅರ್ಧ ಆಗಿರತ್ತೆ. ಆ ಚಿತ್ರಕ್ಕೆ ಏಳು ಸಲ ಹಿಂದಕ್ಕೆ ಹೋದೆ, ನಾನೂ ನೋಟ್‌ಬುಕ್ಕಲ್ಲಿ ಬರೆದೆ, ಯಾರೂ ಲೆಕ್ಕ ಇಡ್ಲಿಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ಕೆಲವು ಮೇಷ್ಟ್ರು ಸ್ಲೈಡ್ ಓದ್ಕೊಂಡು ಹೋಗ್ತಾರೆ. ವಾರದ ಅಸೈನ್‌ಮೆಂಟ್ ನಂಬ್ಕೊಂಡು ಪರೀಕ್ಷೆಗೆ ಕೂತ್ರೆ ಕಷ್ಟ, ಅಲ್ಲಿ ಪ್ರಶ್ನೆ ಬೇರೆ ಮಟ್ಟದ್ದು. ಹನ್ನೆರಡು ವಾರದ ಕೋರ್ಸಲ್ಲಿ ಚೆನ್ನಾಗಿ ಬಂದ ಎಂಟು ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಪರೀಕ್ಷೆ ಸೆಂಟರ್‌ಗೇ ಹೋಗಿ ಬರೀಬೇಕು, ನಾನು ಬೆಂಗಳೂರು ಹಾಕಿದ್ದೆ, ಬೆಳಗ್ಗೆ 9ರ ಸೆಷನ್, ಅಪ್ಪ ನಾಲ್ಕೂವರೆಗೆ ಬೈಕಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ರು. 71 ಬಂತು, ಎಲೀಟ್ ಸರ್ಟಿಫಿಕೇಟ್. ನನ್ನಂಥೋಳಿಗೆ ಅಸೈನ್‌ಮೆಂಟ್‌ಗೆ ಬುಧವಾರ ರಾತ್ರಿಯ ಡೆಡ್‌ಲೈನ್ ಇರೋದೇ ಒಳ್ಳೇದು, ಅದಿಲ್ದಿದ್ರೆ ನಾಳೆ ನೋಡೋಣ ಅಂತ ಮುಂದಕ್ಕೆ ಹಾಕ್ತಾನೇ ಇರ್ತೀನಿ.

ಇನ್ನೊಂದು, ಯುಜಿಸಿ 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ 40 ಪರ್ಸೆಂಟ್‌ವರೆಗೂ ಕೋರ್ಸ್‌ಗಳನ್ನ ಸ್ವಯಂ (ಎನ್‌ಪಿಟಿಇಎಲ್ ಕೋರ್ಸ್‌ಗಳೂ ಸಿಗೋ ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್) ಮೂಲಕ ತಗೊಳೋಕೆ ಅವಕಾಶ ಇದೆ. ಆದ್ರೆ ಎನ್‌ರೋಲ್ ಆಗೋ ಮುಂಚೆನೇ ನಿಮ್ಮ ಎಚ್ಓಡಿ ಹತ್ರ ಲಿಸ್ಟ್ ತೋರ್ಸಿ ಕೇಳ್ಕೊಳ್ಳಿ, ಆಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ. ಪಿಪೆಟ್ ಹಿಡಿಯೋದು ಮಾತ್ರ ಮೂರರಲ್ಲೂ ಬರಲ್ಲ, ಅದಕ್ಕೆ ಲ್ಯಾಬೇ ಗತಿ.

ಆ್ಯಪ್‌ಗೇ ಸೇರ್ತೀನಿ ಅನ್ನೋರು ಫೀಸ್ ಕಟ್ಟೋ ಮುಂಚೆ ಎಷ್ಟು ವ್ಯೂ, ಎಷ್ಟು ಫೋನ್, ರೀಫಂಡ್ ಉಂಟಾ ಅಂತ ವಾಟ್ಸಾಪಲ್ಲಿ ಬರೆದೇ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಜೂನಿಯರ್‌ನ ನಿನ್ನೆ ಲೈಬ್ರರೀಲಿ ಪಕ್ಕದಲ್ಲೇ ಕೂರಿಸ್ಕೊಂಡು ಜುಲೈ ಬ್ಯಾಚ್‌ಗೆ ಎನ್‌ರೋಲ್ ಮಾಡ್ಸಿದೆ. ನಾನೂ ಇಮ್ಯುನಾಲಜಿ ಹಾಕಿದೀನಿ, ಪರೀಕ್ಷೆ ಒಂದೇ ದಿನ ಬಂದ್ರೆ ಬೆಂಗಳೂರಿಗೆ ಇಬ್ರೂ ಒಂದೇ ಬಸ್ಸಲ್ಲಿ ಹೋಗೋದು ಅಂತ ಮಾತಾಡ್ಕೊಂಡಿದೀವಿ.