ಮುರಿದ ಕೈಗೆ ಐದು ಜೋಲಿ: ಆರು ವಾರ ಹಾಕಿ ನೋಡಿದ್ದು

ಬಲಗೈ ಮಣಿಕಟ್ಟಿನ ಹತ್ತಿರ ಎಲುಬು ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿದ್ದೆ. ಮೊದಲ ವಾರ ಮುರಿದ ಜಾಗ ನೋಯುತ್ತಿತ್ತು. ಎರಡನೇ ವಾರ ಆ ನೋವು ಇಳಿಯಿತು, ಆದರೆ ಕುತ್ತಿಗೆ ಹಿಡಿದುಕೊಂಡಿತು. ಬೆಳಿಗ್ಗೆ ಜೋಲಿ ಹಾಕಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ತಲೆ ಎಡಕ್ಕೆ ತಿರುಗಿಸಲು ಆಗುತ್ತಿರಲಿಲ್ಲ. ಕೈಗೆ ಆರಾಮ ಸಿಗಲಿ ಅಂತ ಹಾಕಿದ್ದು ಕುತ್ತಿಗೆಯನ್ನು ಹಿಂಡುತ್ತಿತ್ತು. ಇದಕ್ಕೊಂದು ದಾರಿ ಇರಲೇಬೇಕು ಅನ್ನಿಸಿತು. ಆರು ವಾರದಲ್ಲಿ ಒಟ್ಟು ಐದು ಬಗೆಯ ಜೋಲಿ ಹಾಕಿ ನೋಡಿದೆ. ನಾಲ್ಕು ಎಲ್ಲರಿಗೂ ಸಿಗುವಂಥವು. ಐದನೆಯದ್ದು ಅಕ್ಕನೂ ನಾನೂ ಸೇರಿ ಹೊಲಿದದ್ದು.

ಮೊದಲೇ ಒಂದು ಮಾತು. ನನ್ನದು ಮಣಿಕಟ್ಟು, ಪ್ಲಾಸ್ಟರ್ ಮೊಣಕೈಗಿಂತ ಕೆಳಗೆ ಇತ್ತು. ಭುಜ ಜಾರಿದವರಿಗೆ, ತೋಳಿನ ಎಲುಬು ಮುರಿದವರಿಗೆ, ಕಾಲರ್ ಬೋನ್ ಪೆಟ್ಟಾದವರಿಗೆ ಲೆಕ್ಕವೇ ಬೇರೆ. ಯಾವ ಬಗೆಯದ್ದು ಅಂತ ಡಾಕ್ಟರ್ ಹೇಳಿದ್ದಾರೋ ಅದನ್ನು ನೀವಾಗಿ ಬದಲಾಯಿಸಬೇಡಿ. ನಾನು ಪ್ರತಿಯೊಂದನ್ನೂ ಕೇಳಿಯೇ ಹಾಕಿಕೊಂಡೆ.

ಜೋಲಿ ಹೊರುವ ಭಾರ ಎಷ್ಟು ಅಂತ ನಾವು ಯೋಚಿಸುವುದೇ ಇಲ್ಲ. ಒಂದು ಪೂರ್ತಿ ಕೈ ಮೈತೂಕದ ಸುಮಾರು 5% ಇರುತ್ತದೆ. 60 ಕೆಜಿ ತೂಗುವವರಿಗೆ ಅದು 3 ಕೆಜಿ. ಅದರಲ್ಲಿ ಸ್ವಲ್ಪವನ್ನು ಭುಜವೇ ಹೊರುತ್ತದೆ. ಉಳಿದದ್ದು, ಜೊತೆಗೆ ಪ್ಲಾಸ್ಟರ್ ಭಾರ, ಜೋಲಿಗೆ. ಬ್ಯಾಗು ತೂಗುವ ಕೊಕ್ಕೆ ತಕ್ಕಡಿಯನ್ನು, ಜೋಲಿಯ ಮಣಿಕಟ್ಟಿನ ಕಡೆ ಪಟ್ಟಿ ಸಿಕ್ಕಿಸುವ ಬಳೆಗೂ ಪಟ್ಟಿಗೂ ನಡುವೆ ಸಿಕ್ಕಿಸಿ ನೋಡಿದೆ. ಕೈ ಸಡಿಲ ಬಿಟ್ಟಾಗ 1.1 ಕೆಜಿ ತೋರಿಸಿತು. ಇದು ಒಂದು ತುದಿಯದ್ದು ಮಾತ್ರ. ಮೊಣಕೈ ಕಡೆಯ ತುದಿಯೂ ಎಳೆಯುತ್ತಿರುತ್ತದೆ. ಅಂದರೆ ಸುಮಾರು ಎರಡು ಕೆಜಿ ದಿನವಿಡೀ ಎರಡು ಬೆರಳಗಲದ ಪಟ್ಟಿಯ ಮೇಲೆ, ಅದೂ ಕುತ್ತಿಗೆಯ ಒಂದೇ ಪಕ್ಕದಲ್ಲಿ. ಹಿಡಿದುಕೊಳ್ಳದೆ ಇನ್ನೇನಾಗುತ್ತದೆ?

ನನಗೆ ಮೊದಲು ಸಿಕ್ಕಿದ್ದು ರೆಡಿಮೇಡ್ ಚೀಲದ ಜೋಲಿ. ನೀಲಿ ಬಟ್ಟೆಯ ಉದ್ದ ಚೀಲ, ಒಂದು ಪಟ್ಟಿ, ವೆಲ್ಕ್ರೋ, ಹೆಬ್ಬೆರಳಿಗೆ ಒಂದು ಕುಣಿಕೆ. ಹೆಚ್ಚಿನವರು ಹಾಕಿಕೊಳ್ಳುವುದು ಇದನ್ನೇ. ಇದರ ದೊಡ್ಡ ಗುಣ ಅಂದರೆ ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. ಪಟ್ಟಿಯನ್ನು ಬಳೆಯೊಳಗಿಂದ ಎಳೆದು ವೆಲ್ಕ್ರೋ ಅಂಟಿಸಿದರೆ ಮುಗಿಯಿತು. ಬಕಲ್ ಇರುವ ಜೋಲಿ ಆರಿಸಿಕೊಳ್ಳುವವರು ಇದನ್ನು ಗಮನಿಸಿ. ಎರಡು ಬದಿ ಒತ್ತಿ ಬಿಚ್ಚುವ ಬಕಲನ್ನು ಒಂದೇ ಕೈಯಲ್ಲಿ ಬಿಚ್ಚಬಹುದು, ಹಾಕುವುದು ಕಷ್ಟ.

ತೊಂದರೆ ಅಳತೆಯಲ್ಲಿ. ನನ್ನ ಚೀಲ ಬೇಕಾದ್ದಕ್ಕಿಂತ ಉದ್ದ ಇತ್ತು. ಉದ್ದ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ. ನಡೆಯುತ್ತಾ ನಡೆಯುತ್ತಾ ಮೊಣಕೈ ಹಿಂದಕ್ಕೆ ಜಾರಿ ಮೂಲೆಗೆ ಹೋಗುತ್ತದೆ, ಬೆರಳೆಲ್ಲ ಚೀಲದೊಳಗೆ ಮುಳುಗುತ್ತವೆ. ಬೆರಳು ಕಾಣದಿದ್ದರೆ ಊತ ಬಂದರೂ ಗೊತ್ತಾಗುವುದಿಲ್ಲ, ಬಣ್ಣ ಬದಲಾದರೂ ಗೊತ್ತಾಗುವುದಿಲ್ಲ. ಚಿಕ್ಕದಾದರೆ ಇನ್ನೂ ಕೆಟ್ಟದ್ದು: ಮಣಿಕಟ್ಟು ಅಂಚಿನಲ್ಲಿ ಜೋತುಬಿದ್ದು ಬೆರಳು ಊದಿಕೊಳ್ಳುತ್ತವೆ. ಚೀಲದ ಅಂಚು ಬೆರಳ ಬುಡದ ಗಿಣ್ಣುಗಳವರೆಗೆ ಬರಬೇಕು, ಬೆರಳು ಪೂರ್ತಿ ಹೊರಗಿರಬೇಕು. ಮೊಣಕೈ ಲಂಬಕೋನದಲ್ಲಿ, ಮಣಿಕಟ್ಟು ಮೊಣಕೈಗಿಂತ ಒಂಚೂರು ಮೇಲೆ. ಹೆಬ್ಬೆರಳಿನ ಕುಣಿಕೆಯನ್ನು ನಾನು ಎರಡೇ ದಿನಕ್ಕೆ ಕತ್ತರಿಸಿ ಹಾಕಿದೆ. ಪ್ಲಾಸ್ಟರ್ ಇರುವಾಗ ಅದು ಏನನ್ನೂ ಹೊರುವುದಿಲ್ಲ, ಸುಮ್ನೆ ಹೆಬ್ಬೆರಳ ಸಂದಿಯನ್ನು ಕೆಂಪು ಮಾಡುತ್ತದೆ.

ಪಟ್ಟಿ ಅಗಲ ಮಾಡಿದರೆ ಕುತ್ತಿಗೆ ಸರಿಹೋಗುತ್ತದೆ ಅಂತ 2.5 ಸೆಂ.ಮೀ. ಪಟ್ಟಿ ಬಿಚ್ಚಿ 5 ಸೆಂ.ಮೀ.ನದ್ದು ಹಾಕಿಸಿದೆ. ಲೆಕ್ಕದ ಪ್ರಕಾರ ಒತ್ತಡ ಅರ್ಧ ಆಗಬೇಕು. ಆಗಲಿಲ್ಲ. ಕನ್ನಡಿಯಲ್ಲಿ ನೋಡಿದಾಗ ಕಾರಣ ಕಾಣಿಸಿತು. ಕುತ್ತಿಗೆಯ ಪಕ್ಕ ಇಳಿಜಾರು. ಅಲ್ಲಿ ಅಗಲ ಪಟ್ಟಿ ಚಪ್ಪಟೆಯಾಗಿ ಕೂರುವುದೇ ಇಲ್ಲ. ಹೊರಗಿನ ಅಂಚು ಗಾಳಿಯಲ್ಲಿ ಎದ್ದಿರುತ್ತದೆ, ಒಳಗಿನ ಅಂಚೊಂದೇ ಚರ್ಮಕ್ಕೆ ಒತ್ತುತ್ತದೆ. ಅದೇ ಪಟ್ಟಿಯನ್ನು ಬೆರಳಿನಿಂದ ಹೆಗಲ ಕಡೆಗೆ ಸರಿಸಿದರೆ ತಕ್ಷಣ ಚಪ್ಪಟೆಯಾಗಿ ಕೂತು ಹಾಯೆನಿಸುತ್ತಿತ್ತು. ಬಿಟ್ಟರೆ ಮತ್ತೆ ಕುತ್ತಿಗೆಗೆ ಜಾರುತ್ತಿತ್ತು. ಆಗ ನನಗೆ ಹೊಳೆದದ್ದು: ಅಗಲಕ್ಕಿಂತ ಮುಖ್ಯ, ಪಟ್ಟಿ ಕೂರುವ ಜಾಗ.

ಎರಡನೆಯದು ತ್ರಿಕೋನ ಬಟ್ಟೆ. ಪ್ರಥಮ ಚಿಕಿತ್ಸೆ ಕಲಿತವರಿಗೆಲ್ಲ ಗೊತ್ತಿರುವುದು. 19ನೇ ಶತಮಾನದಲ್ಲಿ ಜರ್ಮನಿಯ ಸೇನಾ ಶಸ್ತ್ರವೈದ್ಯ ಫ್ರೆಡ್ರಿಕ್ ಫಾನ್ ಎಸ್ಮಾರ್ಕ್ ಇದನ್ನು ಎಲ್ಲ ಕಡೆ ಬಳಕೆಗೆ ತಂದರು. ಹೇಗೆ ಕಟ್ಟಬೇಕು ಅನ್ನುವ ಚಿತ್ರಗಳನ್ನು ಬಟ್ಟೆಯ ಮೇಲೆಯೇ ಅಚ್ಚು ಹಾಕಿಸಿದ್ದರು. ಎಷ್ಟು ಒಳ್ಳೆಯ ಯೋಚನೆ! ಪೆಟ್ಟಾದ ಗಾಬರಿಯಲ್ಲಿ ಪುಸ್ತಕ ಹುಡುಕುವವರು ಯಾರು?

ಒಂದು ಮೀಟರ್ ಚೌಕದ ಹತ್ತಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ. ಉದ್ದ ಅಂಚು ಪೆಟ್ಟಾಗದ ಕೈಯ ಕಡೆ ಮೇಲಿಂದ ಕೆಳಕ್ಕೆ ಬರಬೇಕು, ಆ ಅಂಚಿಗೆ ಎದುರಿನ ಮೂಲೆ ಪೆಟ್ಟಾದ ಕೈಯ ಮೊಣಕೈ ಕಡೆಗೆ. ಮೇಲಿನ ತುದಿ ಒಳ್ಳೆಯ ಹೆಗಲ ಮೇಲಿಂದ ಕುತ್ತಿಗೆ ಹಿಂದೆ ಬಳಸಿ ಬರುತ್ತದೆ. ಕೆಳಗಿನ ತುದಿಯನ್ನು ಮುಂಗೈ ಮೇಲಿಂದ ಎತ್ತಿ ಅದಕ್ಕೆ ಕಟ್ಟಬೇಕು. ಗಂಟು ಕಾಲರ್ ಬೋನ್ ಮೇಲಿನ ಗುಳಿಯಲ್ಲಿ ಬರಲಿ, ಬೆನ್ನೆಲುಬಿನ ಮೇಲೆ ಬೇಡ. ಕೆಳಗೊಂದು ಮೆತ್ತನೆ ಬಟ್ಟೆ ಇಡಿ.

ಅಕ್ಕ ಮೊದಲ ಸಲ ಕಟ್ಟಿದಾಗ ಹತ್ತೇ ನಿಮಿಷಕ್ಕೆ ಜೋಲಿ ಸಡಿಲವಾಗಿ ಕೈ ಹೊಟ್ಟೆಯ ಕೆಳಕ್ಕೆ ಇಳಿಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಅವಳು ಗಂಟು ಹಾಕುವ ಮುಂಚೆ ನಿಲ್ಲಿಸಿ ನನ್ನನ್ನು ನೋಡಿದಳು.

“ಭುಜ ಯಾಕೋ ಹಾಗೆ ಮೇಲೆತ್ತಿದ್ದೀಯ? ಇಳಿಸು.”

“ಎತ್ತಿಲ್ಲ ಅಕ್ಕ.”

“ಎತ್ತಿದ್ದೀಯ. ಕೈ ಭಾರ ಪೂರ್ತಿ ನನ್ನ ಅಂಗೈ ಮೇಲೆ ಬಿಡು. ಉಸಿರು ಬಿಡು. ಈಗ ಕಟ್ತೀನಿ.”

ಅವಳು ಹೇಳಿದ್ದು ನಿಜ. ನೋವಿನ ಹೆದರಿಕೆಗೆ ನಾನು ಗೊತ್ತಿಲ್ಲದೇ ಭುಜ ಕಿವಿಯ ಕಡೆಗೆ ಎತ್ತಿ ಹಿಡಿದಿದ್ದೆ. ಆ ಎತ್ತರಕ್ಕೆ ಕಟ್ಟಿದ ಜೋಲಿ, ಭುಜ ಇಳಿದ ಮೇಲೆ ಸಡಿಲವಾಗದೆ ಇನ್ನೇನು? ಯಾವ ಜೋಲಿಯೇ ಆಗಲಿ, ಹಾಕುವ ಮುಂಚೆ ಇದೊಂದನ್ನು ಮಾಡಿ. ಯಾರಾದರೂ ಮೊಣಕೈ ಕೆಳಗೆ ಕೈ ಕೊಡಲಿ, ಯಾರೂ ಇಲ್ಲದಿದ್ದರೆ ಮೇಜಿನ ಮೇಲೆ ಕೈ ಇಟ್ಟು ಭುಜ ಸಡಿಲ ಬಿಡಿ. ಆಮೇಲೆ ಅಳತೆ.

ಬಟ್ಟೆಯ ಗುಣ ಹೇಳಬೇಕಂದರೆ, ಭಾರವನ್ನು ಇದು ಹಂಚುವ ಹಾಗೆ ರೆಡಿಮೇಡ್ ಚೀಲ ಹಂಚುವುದಿಲ್ಲ. ಬೆರಳ ಬುಡದಿಂದ ಮೊಣಕೈವರೆಗೆ ಪೂರ್ತಿ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಹಿಡಿಯುತ್ತದೆ. ಬೆವರು ಹೀರುತ್ತದೆ, ಒಗೆದರೆ ಬೇಗ ಒಣಗುತ್ತದೆ. ಆದರೆ ಒಬ್ಬರೇ ಕಟ್ಟಿಕೊಳ್ಳಲು ಆಗುವುದಿಲ್ಲ. ಮೊಣಕೈ ಹತ್ತಿರದ ಮೂಲೆಗೆ ಸೇಫ್ಟಿ ಪಿನ್ ಹಾಕಲೇಬೇಕು, ಇಲ್ಲದಿದ್ದರೆ ಮೊಣಕೈ ಹಿಂದಿನಿಂದ ಹೊರಗೆ ಬರುತ್ತದೆ. ಭಾರವೂ ಕೊನೆಗೆ ಕುತ್ತಿಗೆಗೇ. ಬಟ್ಟೆಯನ್ನು ಅಗಲವಾಗಿ ಹರಡಿದರೆ ರೆಡಿಮೇಡ್ ಪಟ್ಟಿಗಿಂತ ಎರಡು ಪಾಲು ಮೇಲು, ಅಷ್ಟೇ.

ಮೂರನೆಯದನ್ನು ಬೇಗ ಮುಗಿಸುತ್ತೇನೆ. ಕಾಲರ್ ಅಂಡ್ ಕಫ್, ಅಂದರೆ ಕುತ್ತಿಗೆಗೆ ಒಂದು ಸುತ್ತು, ಮಣಿಕಟ್ಟಿಗೆ ಒಂದು ಸುತ್ತು, ಮಧ್ಯೆ ಏನೂ ಇಲ್ಲ. ನಾನು ಅರ್ಧ ದಿನ ಹಾಕಿದೆ. ಮುರಿದ ಮಣಿಕಟ್ಟಿನ ಮೇಲೆಯೇ ಎಲ್ಲ ಭಾರ, ಹಾಗಾಗಿ ನನ್ನಂಥವರಿಗೆ ಅಲ್ಲವೇ ಅಲ್ಲ. ಆದರೆ ಇದನ್ನು ಕೆಟ್ಟದ್ದು ಅನ್ನಬೇಡಿ. ತೋಳಿನ ಎಲುಬು ಮುರಿದಾಗ ಮೊಣಕೈ ತೂಗಾಡಲಿ ಅಂತಲೇ ಇದನ್ನು ಕೊಡುತ್ತಾರೆ. ಕೈಯ ಭಾರವೇ ಎಲುಬನ್ನು ಕೆಳಕ್ಕೆ ಎಳೆದು ನೇರಕ್ಕೆ ತರುತ್ತದೆ. ಅಂಥವರಿಗೆ ಮೊಣಕೈ ಎತ್ತಿ ಹಿಡಿಯುವ ಚೀಲ ಹಾಕಿದರೆ ಆ ಎಳೆತ ತಪ್ಪಿಹೋಗುತ್ತದೆ.

ನಾಲ್ಕನೆಯದು ಸೊಂಟಕ್ಕೂ ಬೆಲ್ಟ್ ಇರುವ ಜೋಲಿ. ಚೀಲ, ಹೆಗಲ ಪಟ್ಟಿ, ಅದರ ಮೇಲೆ ಮೈ ಸುತ್ತ ಒಂದು ಅಗಲ ಬೆಲ್ಟ್. ಕೈ ಮೈಗೆ ಅಂಟಿಕೊಂಡಿರುತ್ತದೆ. ಮುಖ್ಯವಾಗಿ ಭುಜದ ತೊಂದರೆ ಇರುವವರಿಗೆ ಮಾಡಿದ್ದು. ನನಗೆ ಇದು ಎರಡು ಸಲ ತುಂಬಾ ಉಪಯೋಗಕ್ಕೆ ಬಂತು, ಎರಡೂ ಸಲ ಜನ ತುಂಬಿದ ಬಸ್ಸಿನಲ್ಲಿ. ಬ್ರೇಕ್ ಹಾಕಿದಾಗ ಕೈ ಅಲ್ಲಾಡಲೇ ಇಲ್ಲ. ಮನೆಯಲ್ಲಿ ಕೂತಾಗ ಮಾತ್ರ ಬೇಡ. ಬೆಲ್ಟ್ ಹೊಟ್ಟೆಗೆ ಒತ್ತುತ್ತದೆ, ಒಳಗಿನ ಫೋಮ್ ಬಿಸಿಯಾಗುತ್ತದೆ, ಕಂಕುಳು ಒದ್ದೆಯಾಗುತ್ತದೆ. ಕಂಕುಳಲ್ಲಿ ತೆಳು ಹತ್ತಿ ಬಟ್ಟೆ ಮಡಚಿ ಇಟ್ಟುಕೊಂಡು ಆಗಾಗ ಬದಲಾಯಿಸದಿದ್ದರೆ ಚರ್ಮ ಬೆಂದ ಹಾಗಾಗುತ್ತದೆ. ಇನ್ನೊಂದು ಅಪಾಯ ಇದೆ. ಇಷ್ಟು ಭದ್ರವಾಗಿ ಇಟ್ಟರೆ ಅಲ್ಲಾಡಿಸುವುದೇ ಮರೆತುಹೋಗುತ್ತದೆ. ನನಗೆ ಬೆರಳು, ಮೊಣಕೈ, ಭುಜ ಮೂರನ್ನೂ ದಿನಕ್ಕೆ ಹಲವು ಸಲ ಆಡಿಸಲು ಹೇಳಿದ್ದರು. ಎರಡು ದಿನ ಬಿಟ್ಟದ್ದಕ್ಕೆ ಮೂರನೇ ದಿನ ಕೈ ತಲೆಯ ಮೇಲೆ ಎತ್ತುವಾಗ ಭುಜ ತಡೆಯಿತು. ಭುಜ ಬಿಗಿದುಕೊಂಡರೆ ಬಿಡಿಸಲು ಎಲುಬು ಕೂಡುವುದಕ್ಕಿಂತ ಜಾಸ್ತಿ ಕಾಲ ಹಿಡಿಯಬಹುದು.

ಈಗ ನಾವು ಹೊಲಿದದ್ದು. ಮಣಿಕಟ್ಟು, ಮುಂಗೈ ಪೆಟ್ಟಿಗೆ ನಾನು ಯಾರಿಗಾದರೂ ಹೇಳುವುದಾದರೆ ಇದನ್ನೇ.

ಹಳೇ ದಪ್ಪ ಬೆಡ್‌ಶೀಟನ್ನು ಎರಡು ಪದರ ಮಾಡಿದೆವು. ಮೊಣಕೈ ಹಿಂಭಾಗದಿಂದ ಬೆರಳ ಬುಡದವರೆಗೆ ನನ್ನ ಅಳತೆ 37 ಸೆಂ.ಮೀ., ಚೀಲ 38. ಆಳ ಮೊಣಕೈ ಹತ್ತಿರ 21, ಮಣಿಕಟ್ಟಿನ ಹತ್ತಿರ 16. ಮೊದಲು ಮೂಲೆಯನ್ನು ಚೌಕವಾಗಿಯೇ ಹೊಲಿದೆವು. ಮೊಣಕೈ ಚೌಕವಾಗಿಲ್ಲವಲ್ಲ, ಹಾಗಾಗಿ ಮೂಲೆ ಖಾಲಿ ಉಳಿದು ಕೈ ಜಾರುತ್ತಲೇ ಇತ್ತು. ಆಗ ಅಕ್ಕ ಕಾಲುಚೀಲ ತಂದು ಹಿಮ್ಮಡಿ ತೋರಿಸಿದಳು. ಅದೇ ಥರ ಬಟ್ಟಲಾಗಬೇಕು ಅಂತ ಮೂಲೆಯ ಎರಡೂ ಬದಿಗೆ ಟೈಲರ್‌ಗಳು ಟಕ್ಸ್ ಅನ್ನುವ ಮಡಿಕೆ ಹಿಡಿದಳು. ಮೊಣಕೈ ಅದರಲ್ಲಿ ಕೂತ ಮೇಲೆ ಮೆಟ್ಟಿಲು ಹತ್ತಿ ಇಳಿದರೂ ಜಾರಲಿಲ್ಲ.

ಹೊಲಿಗೆ ಒಳಗಿದ್ದಾಗ ಮೊಣಕೈಯ ಚೂಪು ಎಲುಬಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಕೆಂಪು ಗುರುತು ಬಂತು. ಸಂಜೆಗೆ ಕಿರುಬೆರಳು ಜೋಮು ಹಿಡಿಯಿತು. ಮೊಣಕೈಯ ಒಳಬದಿಯಲ್ಲಿ ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಕಿರುಬೆರಳಿಗೂ ಉಂಗುರ ಬೆರಳಿಗೂ ಹೋಗುವುದು ಅದೇ. ಚೀಲವನ್ನು ಒಳಹೊರಗೆ ತಿರುವಿ ಹೊಲಿಗೆಯನ್ನು ಹೊರಕ್ಕೆ ತಂದೆವು. ಗುರುತೂ ಹೋಯಿತು, ಜೋಮೂ ಹೋಯಿತು.

ಮಣಿಕಟ್ಟಿನ ಕಡೆ ಪಟ್ಟಿಯನ್ನು ಹೊರಗಿನ ಅಂಚಿಗೆ ಮಾತ್ರ ಸಿಕ್ಕಿಸಿದರೆ ಚೀಲ ಮಗುಚಿಕೊಳ್ಳುತ್ತದೆ, ಕೈ ಅದರ ಜೊತೆ ಹೊರಳುತ್ತದೆ. ಎರಡೂ ಅಂಚುಗಳಿಗೆ ಒಂದೊಂದು ಸಣ್ಣ ಪಟ್ಟಿ ಹಾಕಿ ಮೇಲೆ ಒಂದೇ ಬಳೆಗೆ ಸೇರಿಸಬೇಕು.

ಮುಖ್ಯ ಪಟ್ಟಿಗೆ ಹಳೇ ಬ್ಯಾಗಿನ 5 ಸೆಂ.ಮೀ. ಬೆಲ್ಟನ್ನು ಅದರ ಮೆತ್ತೆಯ ಸಮೇತ ತೆಗೆದುಕೊಂಡೆವು. ಮೊಣಕೈ ಕಡೆಯಿಂದ ಹೊರಟು ಬೆನ್ನ ಮೇಲೆ ಓರೆಯಾಗಿ ಹೋಗಿ ಎಡ ಹೆಗಲ ಮೇಲಿಂದ ಮುಂದಕ್ಕೆ ಇಳಿದು ಮಣಿಕಟ್ಟಿನ ಬಳೆಗೆ ಸೇರುತ್ತದೆ. ಇದಿಷ್ಟೇ ಇದ್ದರೆ ಮತ್ತೆ ಕುತ್ತಿಗೆಗೆ ಜಾರುತ್ತಿತ್ತು, ಯಾಕಂದರೆ ಎರಡು ತುದಿಯೂ ಒಳಕ್ಕೇ ಎಳೆಯುತ್ತವೆ. ಅದಕ್ಕೇ ಇನ್ನೊಂದು ಸಣ್ಣ ಮೆತ್ತನೆ ಪಟ್ಟಿ: ಹೆಗಲ ಹಿಂದಿನಿಂದ ಎಡ ಕಂಕುಳ ಕೆಳಗೆ ಬಂದು ಎದೆಯ ಕಡೆ ಅದೇ ಬೆಲ್ಟಿಗೆ ವೆಲ್ಕ್ರೋದಿಂದ ಅಂಟುತ್ತದೆ. ಬಿಗಿ ಬೇಡ, ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಈ ಪುಟ್ಟ ಪಟ್ಟಿ ಬೆಲ್ಟನ್ನು ಹೆಗಲ ಮೇಲೆ ಹಿಡಿದಿಟ್ಟಿತು. ತಕ್ಕಡಿ ಸಿಕ್ಕಿಸಿ ನೋಡಿದರೆ ಈಗಲೂ ಹೆಚ್ಚುಕಡಿಮೆ ಅದೇ 1.1 ಕೆಜಿ. ಭಾರ ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ, ಕೂರುವ ಜಾಗ ಮಾತ್ರ ಬದಲಾಗಿದೆ. ನಾಲ್ಕನೇ ದಿನ ಬೆಳಿಗ್ಗೆ ಯಾರೋ ಕರೆದರು, ತಲೆ ಎಡಕ್ಕೆ ತಿರುಗಿಸಿದೆ. ತಿರುಗಿತು. ಆ ಖುಷಿ ಇನ್ನೂ ನೆನಪಿದೆ.

ಕೊರತೆ ಇಲ್ಲದೇ ಇಲ್ಲ. ಕಂಕುಳ ಪಟ್ಟಿ ಬೆವರಿಗೆ ಒದ್ದೆಯಾಗುತ್ತದೆ. ಎರಡು ಮಾಡಿಟ್ಟುಕೊಂಡು ದಿನಾ ಬದಲಾಯಿಸಬೇಕು. ದಪ್ಪ ಅಂಗಿಯ ಮೇಲೆ ವೆಲ್ಕ್ರೋ ನೂಲು ಕೀಳುತ್ತದೆ.

ರಾತ್ರಿಗೆ ನಾನು ಯಾವುದನ್ನೂ ಹಾಕಲಿಲ್ಲ. ನಿದ್ದೆಯಲ್ಲಿ ಪಟ್ಟಿ ಕುತ್ತಿಗೆಗೆ ಸುತ್ತಿಕೊಳ್ಳುವ ಹೆದರಿಕೆ. ಡಾಕ್ಟರನ್ನು ಕೇಳಿ, ಎರಡು ದಿಂಬಿನ ಮೇಲೆ ಕೈಯನ್ನು ಎದೆಗಿಂತ ಎತ್ತರಕ್ಕೆ ಇಟ್ಟು ಮಲಗಿದೆ. ಊತ ಇಳಿಸಲು ಯಾವ ಜೋಲಿಗಿಂತಲೂ ಇದೇ ಮೇಲು. ಬೆರಳ ಉಗುರನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಬರದಿದ್ದರೆ, ಬೆರಳು ತಣ್ಣಗೆ ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ, ಜೋಲಿ ಸರಿಪಡಿಸುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಇನ್ನು ಜೋಲಿ ಬೇಡ, ಕೈ ಬಳಸಿ ಅಂದರು. ಜನರ ನಡುವೆ ಹೋಗುವಾಗ ಮಾತ್ರ ಒಂದು ವಾರ ಬಿಳಿ ತ್ರಿಕೋನ ಬಟ್ಟೆ ಕಟ್ಟಿಕೊಂಡೆ. ದೂರದಿಂದಲೇ ಕಂಡು ಜನ ಪಕ್ಕಕ್ಕೆ ಸರಿಯುತ್ತಿದ್ದರು. ಹೊಲಿದದ್ದನ್ನು ಅಕ್ಕ ಒಗೆದು ಮಡಚಿ ಇಟ್ಟಿದ್ದಾಳೆ. ಎಡಗೈಗೆ ಬೇಕಾದವರಿಗೆ ಮೊಣಕೈ ಹತ್ತಿರ ಬೆಲ್ಟಿನ ಬುಡ ಬಿಚ್ಚಿ ಎದುರಿನ ಅಂಚಿಗೆ ಹೊಲಿದು, ಕಂಕುಳ ಪಟ್ಟಿಯನ್ನು ಬೆಲ್ಟಿನ ಇನ್ನೊಂದು ಬದಿಗೆ ಹಾಕಿದರೆ ಆಯಿತು.