ಪೈಥಾನ್ ಕ್ಲಾಸಿಗೆ ಫೀ ಕಟ್ಟುವ ಮುಂಚೆ ಅವರ ಲ್ಯಾಬ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ನೋಡಿ

ಡಿಗ್ರಿ ಪರೀಕ್ಷೆ ಮುಗಿಯೋದೇ ತಡ, ಕಲಬುರಗಿಯ ಬಸ್ ಸ್ಟ್ಯಾಂಡ್ ಸುತ್ತ ಕಂಪ್ಯೂಟರ್ ಕೋರ್ಸ್ ಪೋಸ್ಟರ್‌ಗಳು ಶುರುವಾಗುತ್ತವೆ. "3 ತಿಂಗಳಲ್ಲಿ ಪೈಥಾನ್, ನೌಕರಿ ಗ್ಯಾರಂಟಿ." ಪೈಥಾನ್ ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಒಂದು ಭಾಷೆ. ಅಂಥ ಒಂದು ಪೋಸ್ಟರ್ ನಂಬಿ 2022ರ ಜೂನ್‌ನಲ್ಲಿ ನಾನು 18,000 ರೂಪಾಯಿ ಕಟ್ಟಿದೆ, ಅದೂ ಒಂದೇ ಕಂತಿನಲ್ಲಿ. ಅಪ್ಪ ತೊಗರಿ ಮಾರಿ ಇಟ್ಟಿದ್ದ ದುಡ್ಡು ಅದು. ಬಿತ್ತನೆ ಹತ್ತಿರ ಬಂದಿತ್ತು. "ಬೀಜ ಉದ್ರಿ ತರ್ತೀನಿ, ನೀ ಮೊದಲ ಫೀ ಕಟ್ಟವ್ವ" ಅಂದಿದ್ದರು.

ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಹೀಗೆ ಕಲಿಸುವ ಜಾಗ ಅದೊಂದೇ ಅಲ್ಲ. ಈ ವರ್ಷ ಸೇರೋಕೆ ಹೊರಟಿರುವ ತಮ್ಮ ತಂಗಿಯರು ಎಲ್ಲಿ ಏನು ನೋಡಬೇಕು ಅನ್ನೋದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿದೆ. ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ ಹತ್ತಿದರೆ ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಕ್ಲಾಸ್‌ನಲ್ಲಿ ಮೊದಲ ದಿನವೇ ಜೆರಾಕ್ಸ್ ಮಾಡಿದ ನೋಟ್ಸ್ ಕಟ್ಟು ಕೊಟ್ಟರು. ಸರ್ ಬೋರ್ಡ್ ಮೇಲೆ ಪ್ರೋಗ್ರಾಂ ಬರೆಯೋರು, ನಾವು ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಹಾಗೇ ಟೈಪ್ ಮಾಡಬೇಕು. ಉತ್ತರ ಬಂತು ಅಂದ್ರೆ ಪಾಠ ಮುಗೀತು. ಆಬ್ಜೆಕ್ಟ್ ಅಂದ್ರೇನು, ಕ್ಲಾಸ್ ಅಂದ್ರೇನು, ಇನ್ಹೆರಿಟೆನ್ಸ್ ಅಂದ್ರೇನು, ಎಲ್ಲದಕ್ಕೂ ಎರಡೆರಡು ಸಾಲಿನ ವ್ಯಾಖ್ಯೆ. ಅದನ್ನು ಬಾಯಿಪಾಠ ಮಾಡಿದರೆ ಟೆಸ್ಟ್‌ನಲ್ಲಿ ಪೂರ್ತಿ ಅಂಕ. ಯಾಕೆ ಹೀಗೆ ಅಂತ ಕೇಳಿದರೆ, "ಅದೆಲ್ಲಾ ಆಮ್ಯಾಲ ತಿಳೀತದ, ಈಗ ಬರಕೋರಿ" ಅನ್ನೋರು.

ಎರಡನೇ ತಿಂಗಳು ಮಾವನ ಮಗನ ಹಳೇ ಲ್ಯಾಪ್‌ಟಾಪ್ ಸಿಕ್ಕಿತು. ಪೈಥಾನ್‌ನ ಸ್ವಂತ ವೆಬ್‌ಸೈಟಿನಿಂದ ಇಳಿಸಿಕೊಂಡು ನೋಟ್ಸ್‌ನ ಮೂರನೇ ಪ್ರೋಗ್ರಾಂ ಹಾಕಿದೆ. ಎರಡು ಸಂಖ್ಯೆ ಕೇಳಿ ಕೂಡಿಸುವ ಪ್ರೋಗ್ರಾಂ ಅಷ್ಟೇ. ಮೊದಲು ಉತ್ತರ ತೋರಿಸುವ ಪ್ರಿಂಟ್ ಅನ್ನೋ ಸಾಲಿಗೇ ಎರರ್ ಬಂತು, ಕಂಸ ಇಲ್ಲ ಅಂತ. ಕಂಸ ಹಾಕಿದೆ. 12 ಅಂತ ಕೊಟ್ಟೆ, 7 ಅಂತ ಕೊಟ್ಟೆ. ಉತ್ತರ 127 ಬಂತು.

ಲ್ಯಾಬ್‌ನಲ್ಲಿ ಇದೇ ಪ್ರೋಗ್ರಾಂ 19 ಅಂತ ತೋರಿಸಿತ್ತು. ಮರುದಿನ ಕೇಳಿದೆ. "ನಿಮ್ಮ ಲ್ಯಾಪ್‌ಟಾಪ್ ಸರಿ ಇಲ್ಲಮ್ಮ" ಅಂದರು. ನಾನು ನಂಬಿದೆ. ಆಮೇಲೆ ಒಂದು ತಿಂಗಳು ಮನೆಯಲ್ಲಿ ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ನನಗೆ ಇವತ್ತಿಗೂ ಹೆಚ್ಚು ನೋವು ಕೊಡೋದು ಆ ಒಂದು ತಿಂಗಳು.

ಲ್ಯಾಪ್‌ಟಾಪ್ ಸರಿಯಾಗೇ ಇತ್ತು. ಅವರ ಲ್ಯಾಬ್‌ನಲ್ಲಿ ಇದ್ದದ್ದು ಪೈಥಾನ್ 2. ಪೈಥಾನ್ 3 ಬಂದದ್ದು 2008ರಲ್ಲಿ. ಹಳೆಯ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಅದಾಗಿ ಎರಡು ವರ್ಷ ದಾಟಿದ ಮೇಲೂ ನಮಗೆ ಅದನ್ನೇ ಕಲಿಸುತ್ತಿದ್ದರು. ಹಳೆಯದರಲ್ಲಿ ಪ್ರಿಂಟ್‌ಗೆ ಕಂಸ ಬೇಕಿರಲಿಲ್ಲ, ಹೊಸದರಲ್ಲಿ ಬೇಕೇ ಬೇಕು. ಹಳೆಯದರಲ್ಲಿ ಇನ್‌ಪುಟ್ ಅನ್ನೋದು ನೀವು ಟೈಪ್ ಮಾಡಿದ್ದನ್ನು ಲೆಕ್ಕ ಹಾಕಿ ಸಂಖ್ಯೆಯಾಗಿ ಕೊಡುತ್ತಿತ್ತು. ಹೊಸದರಲ್ಲಿ ಏನೇ ಟೈಪ್ ಮಾಡಿದರೂ ಅಕ್ಷರಗಳ ಸಾಲಾಗಿ, ಅಂದ್ರೆ ಸ್ಟ್ರಿಂಗ್ ಆಗಿ ಬರುತ್ತದೆ. ಎರಡು ಸ್ಟ್ರಿಂಗ್ ಕೂಡಿಸಿದರೆ ಒಂದರ ಪಕ್ಕ ಇನ್ನೊಂದು ಕೂರುತ್ತದೆ. ಅದಕ್ಕೇ 127. ಇಂಟ್ ಅಂತ ಹಾಕಿ ಸಂಖ್ಯೆಗೆ ಬದಲಿಸಿಕೊಂಡಿದ್ದರೆ ಮುಗೀತಿತ್ತು. ಎರಡು ನಿಮಿಷದ ಮಾತು, ಅಲ್ವಾ?

ಕೊನೆಗೆ ಸರ್ಟಿಫಿಕೇಟ್ ಕೊಡುವಾಗ "ಸಾಫ್ಟ್‌ವೇರ್ ಲೈಸೆನ್ಸ್" ಅಂತ 1,500 ರೂಪಾಯಿ ಜಾಸ್ತಿ ತಗೊಂಡರು. ಪೈಥಾನ್‌ಗೆ ಲೈಸೆನ್ಸ್ ದುಡ್ಡು ಅನ್ನೋದೇ ಇಲ್ಲ. ಪೈಥಾನ್ ರೂಪಿಸಿದ ಗೀಡೋ ವಾನ್ ರಾಸಮ್ ಅದನ್ನು 1991ರಲ್ಲಿ ಹೊರಗೆ ಬಿಟ್ಟರು. ಇವತ್ತು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ನೌಕರಿ ಗ್ಯಾರಂಟಿ ಅಂದಿದ್ದು ಹೈದರಾಬಾದಿನ ಒಂದು ಇಂಟರ್‌ವ್ಯೂ. ರೈಲಿನ ಖರ್ಚು ನಮ್ಮದೇ. ಅಲ್ಲಿನ ಮೇಡಂ ಒಳ್ಳೆಯವರು, ಸಮಾಧಾನವಾಗಿ ಕೇಳಿದರು. ಎ ಅನ್ನೋ ಪಟ್ಟಿಯಲ್ಲಿ 1, 2 ಇದೆ. ಬಿ ಸಮ ಎ ಅಂತ ಬರೆದಿದ್ದೇನೆ. ಈಗ ಬಿ ಗೆ 3 ಸೇರಿಸಿದರೆ, ಎ ಯಲ್ಲಿ ಏನಿರುತ್ತದೆ? ಎ, ಬಿ ಥರದ ಹೆಸರಿಗೆ ವೇರಿಯಬಲ್ ಅಂತಾರೆ. ವೇರಿಯಬಲ್ ಅಂದ್ರೆ ಮೆಮೊರಿಯಲ್ಲಿ ಒಂದು ಡಬ್ಬಿ ಅಂತ ನಮ್ಮ ನೋಟ್ಸ್‌ನಲ್ಲಿತ್ತು. ಎರಡು ಡಬ್ಬಿ ಬೇರೆ ಬೇರೆ ತಾನೇ ಅಂತ 1, 2 ಅಂದೆ. ಅವರು ಟೈಪ್ ಮಾಡಿ ತೋರಿಸಿದರು: 1, 2, 3. ಯಾಕೆ ಅಂತ ಕೇಳಿದಾಗ ನಾನು ಆಬ್ಜೆಕ್ಟ್‌ನ ವ್ಯಾಖ್ಯೆ ಒಪ್ಪಿಸಿದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಅದು ಅರ್ಥವಾಗಿದ್ದು ಗಂಜ್‌ನಲ್ಲಿ, ಅಂದ್ರೆ ಕಾಳಿನ ಮಾರುಕಟ್ಟೆಯಲ್ಲಿ, ಮಾವನ ಅಡತ್ ಅಂಗಡಿಯಲ್ಲಿ. ಪೈಥಾನ್‌ನಲ್ಲಿ ಹೆಸರು ಅನ್ನೋದು ಡಬ್ಬಿ ಅಲ್ಲ, ಚೀಲಕ್ಕೆ ಕಟ್ಟುವ ಚೀಟಿ. ಒಂದೇ ಚೀಲಕ್ಕೆ ಎರಡು ಚೀಟಿ ಕಟ್ಟಿದರೆ ಚೀಲ ಎರಡಾಗುವುದಿಲ್ಲ. ಯಾವ ಚೀಟಿ ಹಿಡಿದು ಕಾಳು ಸುರಿದರೂ ಬೀಳೋದು ಅದೇ ಚೀಲಕ್ಕೆ. ಇವತ್ತು ಸಂಖ್ಯೆಗೆ ಕಟ್ಟಿದ ಚೀಟಿಯನ್ನು ನಾಳೆ ಬಿಚ್ಚಿ ಅಕ್ಷರಗಳಿಗೆ ಕಟ್ಟಬಹುದು, ಪೈಥಾನ್ ಬೇಡ ಅನ್ನೋದಿಲ್ಲ. ಡೈನಾಮಿಕ್ ಭಾಷೆ ಅನ್ನೋದು ಇದಕ್ಕೇ. ಟೈಪ್, ಅಂದ್ರೆ ಸಂಖ್ಯೆಯೋ ಅಕ್ಷರವೋ ಅನ್ನೋ ಬಗೆ, ಇರೋದು ಚೀಲದೊಳಗಿನ ಮಾಲಿಗೆ, ಚೀಟಿಗಲ್ಲ.

ಅದೇ ಅಂಗಡಿಯಲ್ಲಿ ನೋಟ್ಸ್‌ನ ಇನ್ನೊಂದು ತಪ್ಪು ಸಿಕ್ಕಿತು. ರೈತರು ತಂದ ತೊಗರಿ ಚೀಲಗಳ ಲೆಕ್ಕಕ್ಕೆ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ನೋಟ್ಸ್‌ನಲ್ಲಿದ್ದ ಹಾಗೆಯೇ ಪೈಥಾನ್‌ನ ಕ್ಲಾಸ್, ಅಂದ್ರೆ ಎಲ್ಲಾ ರೈತರ ಲೆಕ್ಕಕ್ಕೂ ಒಂದೇ ಆದ ಅಚ್ಚು, ಅದರ ಒಳಗೆ ನೇರವಾಗಿ ಒಂದು ಖಾಲಿ ಪಟ್ಟಿ ಇಟ್ಟೆ. ಒಬ್ಬ ರೈತ 12 ಚೀಲ ತಂದಿದ್ದ, ಇನ್ನೊಬ್ಬ 7. ಇಬ್ಬರ ಹೆಸರಿನಲ್ಲೂ 19 ಅಂತ ತೋರಿಸಿತು. ಮಾವ ಕೈಯಲ್ಲೂ ಬರೆದಿಟ್ಟಿದ್ದರಿಂದ ಸರಿಹೋಯ್ತು, ಇಲ್ಲದಿದ್ದರೆ ಯಾರದೋ ದುಡ್ಡು ಯಾರಿಗೋ ಹೋಗುತ್ತಿತ್ತು. ಹಾಗೆ ಇಟ್ಟ ಪಟ್ಟಿ ಕ್ಲಾಸ್‌ಗೆಲ್ಲಾ ಸೇರಿ ಒಂದೇ. ರೈತನಿಗೊಂದು ಪಟ್ಟಿ ಬೇಕಂದ್ರೆ ಹೊಸ ರೈತನನ್ನು ಸೇರಿಸಿದಾಗಲೆಲ್ಲಾ ಓಡುವ ಇನಿಟ್ ಅನ್ನೋ ಫಂಕ್ಷನ್ ಒಳಗೆ, ಸೆಲ್ಫ್ ಅಂತ ಹಚ್ಚಿ ಬರೆಯಬೇಕು. ಸೆಲ್ಫ್ ಅಂದ್ರೆ "ಈ ರೈತ" ಅಂತ. ಮೂರು ತಿಂಗಳು ಆ ಪದವನ್ನು ಬರೆದಿದ್ದೆ, ಯಾಕೆ ಅಂತ ಯಾರೂ ಹೇಳಿರಲಿಲ್ಲ.

ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ರಸೀದಿ ಕೇಳಿದರು. ನನ್ನ ಹತ್ತಿರ ಇದ್ದದ್ದು ಒಂದು ಬಿಳಿ ಚೀಟಿ, ಸಂಸ್ಥೆಯ ಹೆಸರಿಲ್ಲ, ಸೀಲಿಲ್ಲ. ದಯವಿಟ್ಟು ಸೀಲ್ ಇರುವ ರಸೀದಿ ಇಲ್ಲದೆ ಒಂದು ರೂಪಾಯಿನೂ ಕೊಡಬೇಡಿ. ಕಂತಿನಲ್ಲಿ ಕಟ್ಟುತ್ತೇನೆ ಅಂತ ಹೇಳಿ. ಒಪ್ಪದಿದ್ದರೆ ಎದ್ದು ಬನ್ನಿ, ನಾಚಿಕೆ ಪಡಬೇಡಿ.

ಸೇರುವ ಮುಂಚೆ ಒಂದು ಗಂಟೆ ಲ್ಯಾಬ್‌ನಲ್ಲಿ ಕೂರಲು ಬಿಡಿ ಅಂತ ಕೇಳಿ. ಅಲ್ಲಿ 7 ಭಾಗಿಸು 2, ಅಂದ್ರೆ 7/2 ಅಂತ ಕೊಡಿ. 3.5 ಬರಬೇಕು. ಬರೀ 3 ಬಂದರೆ ಅದು ಹಳೆಯದು. ಕನ್ನಡ ಟೈಪಿಂಗ್ ಇದ್ದರೆ "ಚೀಲ = 5" ಅಂತ ಕನ್ನಡದಲ್ಲೇ ಬರೆದು ನೋಡಿ, ಪೈಥಾನ್ 3 ಒಪ್ಪಿಕೊಳ್ಳುತ್ತದೆ. ನನಗಿದು ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು. ಆಮೇಲೆ ಕಲಿಸುವವರಿಗೆ ಆ ಎ, ಬಿ ಪಟ್ಟಿಯ ಪ್ರಶ್ನೆ ಕೇಳಿ. ಉತ್ತರ ತಕ್ಷಣ ಬರದಿದ್ದರೂ ಪರವಾಗಿಲ್ಲ. "ಬನ್ನಿ, ಟೈಪ್ ಮಾಡಿ ನೋಡೋಣ" ಅಂದರೆ ಒಳ್ಳೇ ಮೇಷ್ಟ್ರು. "ಆಮ್ಯಾಲ ತಿಳೀತದ" ಅಂದರೆ ಹೊರಗೆ ಬನ್ನಿ.

ದುಡ್ಡೇ ಇಲ್ಲ ಅನ್ನೋರು ಸುಮ್ನೆ ಕೂರಬೇಡಿ. ಪೈಥಾನ್ ವೆಬ್‌ಸೈಟಿನಲ್ಲೇ ಪೂರ್ತಿ ಪಾಠ ಪುಕ್ಕಟೆ ಇದೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಪಾಠಗಳ ವಿಡಿಯೋ ನೋಡಲು ದುಡ್ಡಿಲ್ಲ, ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕಂಪ್ಯೂಟರಿನ ಹಲವು ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ನಾನು ಎರಡನೇ ಸಲ ಕಲಿತದ್ದು ಹೀಗೆಯೇ, ದಿನಕ್ಕೆ ಒಂದು ಗಂಟೆ, ಅಂಗಡಿಯಲ್ಲಿ ಕೂತು.

ಆ ನೋಟ್ಸ್ ಕಟ್ಟು ಇನ್ನೂ ನನ್ನ ಹತ್ತಿರ ಇದೆ. ನಿಮಗೆ ಯಾರಾದರೂ ಸಿಲಬಸ್ ಹಾಳೆ ಅಥವಾ ನೋಟ್ಸ್ ತೋರಿಸಿದ್ದರೆ ಒಂದು ಫೋಟೋ ಕಳಿಸಿ. ಪ್ರಿಂಟ್ ಮುಂದೆ ಕಂಸ ಇದೆಯೋ ಇಲ್ಲವೋ ನೋಡಿ, ಅವತ್ತೇ ಹೇಳುತ್ತೇನೆ.